ಬೇರೆ ಮನೆಯ ಬೆಂಕಿ

ಮಿರ್ತಾಲೆಯನ್ನು ಕಲಿದೋನ್ ಊರಿನ ದೊಡ್ಡ ಮನೆಗೆ ತಂದದ್ದು ಹಾಲಿಗಾಗಿ. ಎವೆನಸ್ ಹೊಳೆಯ ಮೇಲುಗಡೆ ಮೇಕೆ ಕಾಯುವವರ ಪೈಕಿ ಅವಳು. ಚೊಚ್ಚಲ ಕೂಸು ಹುಟ್ಟಿ ಸರಿಯಾಗಿ ಅಳುವ ಮೊದಲೇ ಹೋಗಿತ್ತು. ಎದೆಯಲ್ಲಿ ಹಾಲು ಕಟ್ಟಿ, ಜ್ವರ ಏರಿ, ಗುಡಿಸಲ ಮೂಲೆಯಲ್ಲಿ ಬಿದ್ದುಕೊಂಡಿದ್ದವಳನ್ನು ಒಡೆಯ ಓಯ್ನಿಯನ ಆಳುಗಳು ಬಂದು ನೋಡಿದರು. ಗಂಡನ ಕೈಗೆ ಒಂದು ಟಗರಿನ ಹಗ್ಗ ಕೊಟ್ಟು, ಇವಳನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಹೊರಟರು. ಗಂಡ ಟಗರಿನ ಹಲ್ಲು ಬಿಡಿಸಿ ನೋಡುತ್ತಿದ್ದನೇ ಹೊರತು ಇವಳ ಕಡೆ ತಿರುಗಲಿಲ್ಲ. ಆಮೇಲೆ ಅವನ ಮುಖ ಅವಳಿಗೆ ನೆನಪಾಗುತ್ತಿರಲಿಲ್ಲ. ಟಗರಿನ ಮುಖ ನೆನಪಾಗುತ್ತಿತ್ತು.

ಒಡತಿ ಆಲ್ತೇಯಳಿಗೆ ಹೆರಿಗೆಯಾಗಿ ಹಾಲು ಇಳಿದಿರಲಿಲ್ಲ. ಕೂಸನ್ನು ಮಡಿಲಿಗೆ ಹಾಕಿದ ಕೂಡಲೇ ಅದು ಬಾಯಿ ಹಾಕಿ ಎಳೆಯಿತು. ಮಿರ್ತಾಲೆಗೆ ಅಳು ಬಂತು. ನೋವಿಗೋ, ನೋವು ಇಳಿದದ್ದಕ್ಕೋ, ಅವಳಿಗೇ ಗೊತ್ತಾಗಲಿಲ್ಲ.

ನಡುಮನೆಯ ಮಧ್ಯದಲ್ಲಿ ದುಂಡನೆಯ ಒಲೆ, ಅದರ ನೇರಕ್ಕೆ ಸೂರಿನಲ್ಲಿ ಹೊಗೆಗಂಡಿ. ಆ ಒಲೆಯ ಬೆಂಕಿ ಆಲ್ತೇಯಳ ತವರಿನದು. ಮದುವೆಯಾಗಿ ಬರುವಾಗ ಅವಳ ತಾಯಿ ಪ್ಲ್ಯೂರೋನಿನಿಂದ ಪಂಜು ಹಿಡಿದು ನಡೆದುಬಂದಿದ್ದಳಂತೆ. ದಾರಿಯುದ್ದಕ್ಕೂ ಗಾಳಿ. ಅಣ್ಣಂದಿರಿಬ್ಬರು ಆಚೆಗೊಬ್ಬ ಈಚೆಗೊಬ್ಬ ಕಂಬಳಿ ಅಡ್ಡ ಹಿಡಿದು ಆ ಬೆಂಕಿಯನ್ನು ಇಲ್ಲಿಯವರೆಗೆ ಮುಟ್ಟಿಸಿದ್ದರಂತೆ. ಆಲ್ತೇಯ ಈ ಮಾತು ಹೇಳುವಾಗ ಅವಳ ಮುಖ ಹುಡುಗಿಯ ಮುಖವಾಗುತ್ತಿತ್ತು. ಅಣ್ಣಂದಿರೆಂದರೆ ಅವಳಿಗೆ ಅಷ್ಟು ಜೀವ.

ಹೆಸರಿಡುವ ಮೊದಲು ಕೂಸನ್ನು ಎತ್ತಿಕೊಂಡು ಒಲೆಯ ಸುತ್ತ ಓಡಿ, ಇದು ಈ ಮನೆಯದು ಎಂದು ಒಲೆಯಮ್ಮನಿಗೆ ತೋರಿಸಬೇಕು. ಆ ಶಾಸ್ತ್ರ ಮುಗಿದ ಸಂಜೆ, ಬಂದವರೆಲ್ಲ ಅಂಗಳದಲ್ಲಿ ಉಣ್ಣುತ್ತಿದ್ದಾಗ, ಮೂವರು ಮುದುಕಿಯರು ಕೂಸು ನೋಡಲು ಒಳಗೆ ಬಂದರು. ಯಾರ ಕಡೆಯವರೋ ಇರಬೇಕೆಂದು ಮಿರ್ತಾಲೆ ಮಣೆ ಹಾಕಿದಳು. ಮೂವರ ಸೊಂಟದಲ್ಲೂ ಕದಿರು. ಕೂತವರೇ ನೂಲಲು ಶುರು ಮಾಡಿದರು.

"ಕೈ ದೊಡ್ದಾಗೈತೆ. ಕೊಡೋ ಕೈ" ಅಂದಳು ಮೊದಲನೆಯವಳು.

"ಎದೆ ನೋಡೆ. ಹೆದರೋ ಎದೆ ಅಲ್ಲ ಅದು" ಅಂದಳು ಎರಡನೆಯವಳು.

ಮೂರನೆಯವಳು ಕೂಸಿನ ಕಡೆ ನೋಡಲೇ ಇಲ್ಲ. ಒಲೆಯ ಕಡೆ ನೋಡಿದಳು. ಮಿರ್ತಾಲೆ ಬೆಳಿಗ್ಗೆ ಒಟ್ಟಿದ್ದ ಗಂಟುಗಂಟಾದ ಆಲಿವ್ ಕೊರಡೊಂದು ಆಗಷ್ಟೇ ತುದಿಯಲ್ಲಿ ಹತ್ತಿಕೊಂಡಿತ್ತು. "ಆ ಕೊರಡು ಇರೋವರ್ಗೂ ಇರ್ತಾನೆ" ಅಂದಳು, ತರಕಾರಿ ಬಾಡಿದೆ ಅಂದ ಹಾಗೆ.

ಆಲ್ತೇಯ ಹಾಸಿಗೆಯಿಂದ ಹೇಗೆ ಎದ್ದಳೋ, ಮಿರ್ತಾಲೆಗೆ ಕಾಣಲಿಲ್ಲ. ಕಂಡದ್ದು ಬರಿಗೈಯಲ್ಲಿ ಉರಿಯುವ ಕೊರಡನ್ನು ಹಿಡಿದು ನೆಲಕ್ಕೆ ಬಡಿಯುತ್ತಿದ್ದ ಒಡತಿ. ಹಾಲಿನ ಗಡಿಗೆ ಎತ್ತಿ ಅದರ ಮೇಲೆ ಸುರಿದಳು. ಹೊಗೆ ಇಳಿದಾಗ ಮಣೆಗಳ ಮೇಲೆ ಯಾರೂ ಇರಲಿಲ್ಲ. ಉಣ್ಣೆಯ ಎಳೆಗಳು ಮಾತ್ರ ಬಿದ್ದಿದ್ದವು.

"ಏನು ಕೇಳಿಸ್ಕೊಂಡೆ ನೀನು?" ಅಂದಳು ಆಲ್ತೇಯ. ಅವಳ ಅಂಗೈ ಚರ್ಮ ಸುಲಿದು ಜೋತಾಡುತ್ತಿತ್ತು.

"ಏನೂ ಇಲ್ಲ ಅಮ್ಮಾವ್ರೆ."

"ಹಾಗೇ ಇರಲಿ."

ಕೊರಡನ್ನು ಒಣಗಿಸಿ, ನಾರುಬಟ್ಟೆಯಲ್ಲಿ ಸುತ್ತಿ, ಆಲ್ತೇಯ ತನ್ನ ಮದುವೆಯ ಪೆಟ್ಟಿಗೆಯ ತಳದಲ್ಲಿಟ್ಟಳು. ಹಗ್ಗ ಬಿಗಿದು ಒಂದು ಗಂಟು ಹಾಕಿದಳು. ದೊಡ್ಡಣ್ಣ ಕಲಿಸಿದ ಗಂಟಂತೆ ಅದು. ಅವನಿಗೂ ಅವಳಿಗೂ ಬಿಟ್ಟರೆ ಬೇರೆ ಯಾರಿಗೂ ಬಿಚ್ಚಲು ಬಾರದು. ಅಂಗೈ ಮಾಗಿತು, ಆದರೆ ಚರ್ಮ ಮುದುರಿಕೊಂಡು ಬೆರಳುಗಳು ಪೂರ್ತಿ ಬಿಡಿಸಿಕೊಳ್ಳದ ಹಾಗಾದವು.

ಮಗುವಿಗೆ ಮೆಲಿಯಾಗರ ಎಂದು ಹೆಸರಾಯಿತು. ಹಾಲು ಬಿಡಿಸಿದ ಮೇಲೂ ಮಿರ್ತಾಲೆಯನ್ನು ಆಲ್ತೇಯ ಬಿಡಲಿಲ್ಲ, ಒಲೆಯ ಕೆಲಸಕ್ಕೆ ಹಾಕಿದಳು. ಸಂಜೆ ಕೆಂಡದ ಮೇಲೆ ಬೂದಿ ಮುಚ್ಚುವುದು, ಬೆಳಿಗ್ಗೆ ಬೂದಿ ಸರಿಸಿ ಊದುವುದು. ಅದು ಸುಲಭದ ಕೆಲಸ. ಮಿರ್ತಾಲೆಗೆ ಮಾತ್ರ ಸುಲಭವಾಗಲಿಲ್ಲ. ಕಿಡಿ ಹಾರಿದರೆ ಎದ್ದು ಹೋಗಿ ತುಳಿಯುತ್ತಿದ್ದಳು. ಒಟ್ಟುವ ಸೌದೆಯನ್ನು ಒಂದೊಂದಾಗಿ ಹೊರಳಿಸಿ ನೋಡುತ್ತಿದ್ದಳು. ಒಲೆ, ಪೆಟ್ಟಿಗೆ, ಮಗು, ಈ ಮೂರರ ನಡುವೆ ಅವಳ ಕಣ್ಣು ಓಡಾಡುತ್ತಿತ್ತು.

"ಮಿರ್ತಾಲೆ ಒಲೆ ನೋಡ್ಕೊಳ್ಳೋದಲ್ಲ ಕಣೇ, ಒಲೆ ಏನೋ ಕದಿಯುತ್ತೆ ಅಂತ ಕಾವಲು ಕೂತವ್ಳೆ" ಎಂದು ಬೀಸುವ ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅವರು ಎಷ್ಟು ಸರಿಯಾಗಿ ಹೇಳಿದ್ದರೆಂದು ಅವರಿಗೇನು ಗೊತ್ತು.

ಹುಡುಗ ಒಡತಿಯನ್ನು ಅಮ್ಮ ಅನ್ನುತ್ತಿದ್ದ, ಇವಳನ್ನು ಅವ್ವ ಅನ್ನುತ್ತಿದ್ದ.

"ಅವ್ವ, ಅಮ್ಮನ ಅಂಗೈ ಯಾಕೆ ಹಾಗಿದೆ?"

"ನಿಂಗೆ ಗಂಜಿ ಕಾಯ್ಸೋಕೆ ಹೋಗಿದ್ರು. ರಾಣಿ ಥರ ಕೂತು ಗೊತ್ತೇ ಹೊರ್ತು ಗಂಜಿ ಕಾಯ್ಸಿ ಗೊತ್ತಾ ಅವ್ರಿಗೆ."

ಹುಡುಗ ಬಿದ್ದು ಬಿದ್ದು ನಕ್ಕ. ಅವತ್ತು ಪೂರ್ತಿ ಅಮ್ಮನ ಕೈ ಹಿಡಿದುಕೊಂಡೇ ತಿರುಗಿದ.

ಒಂದು ವಸಂತದಲ್ಲಿ ಆಲ್ತೇಯ ಪೆಟ್ಟಿಗೆ ಬಿಚ್ಚಿ ಬಟ್ಟೆಗಳಿಗೆ ಬಿಸಿಲು ಕಾಣಿಸಲು ಹೇಳಿ, ಯಾರೋ ಕರೆದರೆಂದು ಹೊರಗೆ ಹೋದಳು. ಫಿಲ್ಲ ಎಂಬ ಹೊಸ ಹುಡುಗಿ ಎಲ್ಲವನ್ನೂ ಅಂಗಳದ ಗೋಡೆಯ ಮೇಲೆ ಹರವಿದಳು. ಮಿರ್ತಾಲೆ ಹಿತ್ತಲಲ್ಲಿದ್ದಳು. ಆಟಕ್ಕೆ ಹೋಗಿದ್ದ ಹುಡುಗ ತೂರಾಡುತ್ತಾ ಬಂದು ಅವಳ ಕಾಲ ಬಳಿ ಕುಸಿದು ಕೂತ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು.

"ಅವ್ವ, ಸೆಕೆ."

"ಎಲ್ಲೋ ಸೆಕೆ? ನಂಗೆ ಮೈ ನಡುಗ್ತಾ ಐತೆ."

"ಹೊರಗಲ್ಲ. ಒಳಗೆ ಸೆಕೆ."

ಅವನ ಹಣೆ ಮುಟ್ಟಿದಳು, ತಣ್ಣಗಿತ್ತು. ತಟ್ಟನೆ ಏನೋ ಹೊಳೆದು ಅಂಗಳಕ್ಕೆ ಓಡಿದಳು. ಫಿಲ್ಲ ಬಿಸಿಲಲ್ಲಿ ಒಣಗಿದ್ದ ಕೊರಡನ್ನು ಕಂಕುಳಲ್ಲಿ ಇರುಕಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲಿದ್ದಳು.

"ಎಲ್ಲಿಗೆ ತಗೊಂಡ್ ಹೋಯ್ತಿದ್ದೀಯೆ ಅದ್ನ?"

"ಒಲೆಗೆ. ಸೀರೆ ಸೆರಗಿನ ಮಧ್ಯೆ ಸೌದೆ ಇಡ್ತಾರಾ ಯಾರಾದ್ರೂ? ಯಾರೋ ತಮಾಷೆ ಮಾಡವ್ರೆ."

ಮಿರ್ತಾಲೆ ಅವಳ ಕೆನ್ನೆಗೆ ಬಾರಿಸಿದಳು. ಹುಡುಗಿ ಕೊರಡು ಕೆಳಗೆ ಹಾಕಿ ಅಳುತ್ತಾ ನಿಂತಳು. "ಒಂದು ಸೌದೆಗೆ ಹೊಡೀತೀಯಾ ಅಜ್ಜಿ?" ಅಂದಳು. ಆಗ ಮಿರ್ತಾಲೆ ಅಜ್ಜಿಯಾಗುವ ವಯಸ್ಸಿನವಳಲ್ಲ, ಮುಖ ಹಾಗಾಗಿತ್ತು. ಕೊರಡನ್ನು ಬಟ್ಟೆಯಲ್ಲಿ ಸುತ್ತಿ ತಳಕ್ಕಿಟ್ಟು ಹಿತ್ತಲಿಗೆ ಬಂದರೆ, ಹುಡುಗ ತಂಬಿಗೆ ನೀರು ಗಟಗಟ ಕುಡಿದು ಓಡಿಹೋಗಿದ್ದ.

ಅವತ್ತಿನಿಂದ ಅವಳಿಗೆ ಆ ಮುದುಕಿಯರ ಮಾತಿನಲ್ಲಿ ಯಾವ ಸಂಶಯವೂ ಉಳಿಯಲಿಲ್ಲ.

ಮೆಲಿಯಾಗರ ಬೆಳೆದ. ಈಟಿ ಎಸೆಯುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲೇ ಇಲ್ಲವೆಂದರು. ದೊಡ್ಡ ಹಡಗಿನವರ ಜೊತೆ ಮೂಡಣ ಕಡಲಿಗೆ ಹೋಗಿ ಬಂದ, ಮದುವೆಯಾದ. ಊರೂರಿನವರು ಅವನ ಮೇಲೆ ಹಾಡು ಕಟ್ಟಿ ಹಾಡಿದರು. ಅವನು ಸಮುದ್ರದ ಮೇಲಿದ್ದ ಚಳಿಗಾಲದಲ್ಲಿ ಆಲ್ತೇಯಳೂ ಮಿರ್ತಾಲೆಯೂ ಪೆಟ್ಟಿಗೆಯ ಹತ್ತಿರ ಕೂತು ನೂಲುತ್ತಿದ್ದರು. ಪೆಟ್ಟಿಗೆ ಇಲ್ಲಿದೆ, ಅವನು ಅಲ್ಲಿದ್ದಾನೆ, ಅದೊಂದೇ ಧೈರ್ಯ. ಮಾತೇನೂ ಆಡುತ್ತಿರಲಿಲ್ಲ. ಹಾಗೆ ಮಾತಿಲ್ಲದೆ ಕೂತು ಕೂತು ಆ ಇಬ್ಬರು ಹೆಂಗಸರಲ್ಲಿ ಯಾರು ಒಡತಿ ಯಾರು ತೊತ್ತು ಎಂಬುದೇ ಆ ಹೊತ್ತಿಗೆ ಮರೆತುಹೋಗುತ್ತಿತ್ತು.

ಕೆಡುಕು ಬಂದದ್ದು ಸುಗ್ಗಿಯ ದಿನ. ಒಡೆಯ ಒಲೆಯ ಮುಂದೆ ನಿಂತು ಒಬ್ಬೊಬ್ಬ ದೇವರ ಹೆಸರು ಹೇಳಿ ಹೊಸ ಜವೆಗೋಧಿಯ ಹಿಡಿಯನ್ನು ಬೆಂಕಿಗೆ ಹಾಕುತ್ತಿದ್ದ. ದ್ರಾಕ್ಷಿ ಹೆಂಡ ಆಗಲೇ ಸ್ವಲ್ಪ ಅವನ ಹೊಟ್ಟೆಗೆ ಇಳಿದಿತ್ತು. ಎಲ್ಲ ಹೆಸರೂ ಬಂದವು, ಕಾಡಿನ ಬೇಟೆಯಮ್ಮನ ಹೆಸರು ಬರಲಿಲ್ಲ. ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಮಿರ್ತಾಲೆ ಕಾದಳು. ಒಡೆಯ ಕೈ ಒರೆಸಿಕೊಂಡ.

ಅವಳು ಆಲ್ತೇಯಳ ಕಿವಿಯಲ್ಲಿ ಹೇಳಿದಳು, "ಬೇಟೆಯಮ್ಮಂಗೆ ಹಾಕ್ಲಿಲ್ಲ ಅಮ್ಮಾವ್ರೆ."

"ಹಾಕಿರ್ತಾರೆ. ನಿನಗೆ ಕೇಳಿಸಿರಲ್ಲ."

"ಕೇಳಿಸ್ಕೊಳ್ಳೋಕೇ ನಿಂತಿದ್ದೆ."

"ಮುಗೀತಲ್ಲ ಈಗ. ಎಲ್ಲರ ಮುಂದೆ ಯಜಮಾನರಿಗೆ ಮರೆವು ಅಂತ ಹೇಳೋಕಾಗತ್ತಾ? ಬಿಡು."

ಬಿಟ್ಟರು. ದ್ರಾಕ್ಷಿ ಹಣ್ಣಾಗುವ ಕಾಲಕ್ಕೆ ಬೇಟೆಯಮ್ಮನ ಸಿಟ್ಟು ಕಾಡುಹಂದಿಯಾಗಿ ಬಂತು. ಗುಡ್ಡದ ಮೇಲಿಂದ ಅದು ಇಳಿದರೆ ನೆಲ ನಡುಗುತ್ತದೆ ಎಂದರು. ಬಳ್ಳಿಗಳನ್ನು ಬೇರುಸಹಿತ ಕಿತ್ತಿತು, ಕಾಯಿ ತುಂಬಿದ ಆಲಿವ್ ಮರಗಳನ್ನು ಉರುಳಿಸಿತು. ನಾಯಿಗಳ ಕರುಳು ಬೇಲಿಯ ಮೇಲೆ ಒಣಗುತ್ತಿತ್ತು. ಜನ ಹೊಲ ಬಿಟ್ಟು ಗೋಡೆಯ ಒಳಗೆ ಸೇರಿಕೊಂಡರು.

ಮೆಲಿಯಾಗರ ಊರೂರಿಗೆ ಹೇಳಿಕಳಿಸಿದ. ಬೇಟೆಗಾರರು ಬಂದರು. ಪ್ಲ್ಯೂರೋನಿನಿಂದ ಅವನ ಸೋದರಮಾವಂದಿರಿಬ್ಬರೂ ಬಂದರು. ಅರ್ಕಾಡಿಯದ ಕಡೆಯಿಂದ ಬಿಲ್ಲು ಹಿಡಿದ ಹುಡುಗಿಯೊಬ್ಬಳೂ ಬಂದಳು.

"ಕದಿರು ಮನೇಲಿ ಮರೆತು ಬಂದ್ಯೇನಮ್ಮ?" ಅಂದ ದೊಡ್ಡಮಾವ ಉಣ್ಣುವಾಗ.

"ನೀವು ತಂದಿದ್ರೆ ಕೊಡಿ, ನೂಲಿಕೊಡ್ತೀನಿ" ಅಂದಳು ಹುಡುಗಿ, ತಲೆ ಎತ್ತದೆ.

ಎಲ್ಲರೂ ನಕ್ಕರು. ಮೆಲಿಯಾಗರ ಎಲ್ಲರಿಗಿಂತ ಜೋರಾಗಿ ನಕ್ಕ. ಮಾವನ ಮುಖ ಗಂಟಿಕ್ಕಿದ್ದನ್ನು ರೊಟ್ಟಿ ಬಡಿಸುತ್ತಿದ್ದ ಮಿರ್ತಾಲೆ ನೋಡಿದಳು. ಆಲ್ತೇಯಳೂ ನೋಡಿದಳು.

ಹೊರಡುವ ಬೆಳಿಗ್ಗೆ ಅವನು ಒಲೆಯ ಬಳಿ ಕುಕ್ಕರುಗಾಲಲ್ಲಿ ಕೂತು ಬಿಸಿ ಗಂಜಿ ಕುಡಿದ. "ಹಂದಿ ತಲೆ ತಂದು ನಿನ್ನ ಒಲೆ ಮುಂದೆ ಇಡ್ತೀನಿ ಅವ್ವ."

"ಅದ್ಯಾಕಪ್ಪ ನಂಗೆ. ನಿನ್ ತಲೆ ನೀನು ವಾಪಸ್ ತಗೊಂಡ್ ಬಾ, ಸಾಕು."

ಹಂದಿ ಸತ್ತಿತೆಂಬ ಸುದ್ದಿ ಮೊದಲು ಬಂತು. ಕೊಂದವನು ಮೆಲಿಯಾಗರ. ಆಲ್ತೇಯ ಒಳ್ಳೆಯ ಸೀರೆಯುಟ್ಟು, ಹೂ ಮುಡಿದು, ಹಾಡುವ ಹೆಂಗಸರ ಜೊತೆ ಗುಡಿಗೆ ಕಾಣಿಕೆ ಹೊತ್ತು ಹೊರಟಳು. ಮಿರ್ತಾಲೆ ಬಾಗಿಲಲ್ಲಿ ನಿಂತು ಆ ಹಾಡು ಕೇಳುತ್ತಿದ್ದಳು. ಹಾಡು ಬೀದಿಯ ತಿರುವಿನವರೆಗೆ ಹೋಗಿ ಅಲ್ಲಿ ನಿಂತುಬಿಟ್ಟಿತು.

ದಾರಿಯಲ್ಲಿ ಎದುರಿಗೆ ಎರಡು ಹೆಣಗಳು ಬಂದಿದ್ದವು, ಅವಳ ಅಣ್ಣಂದಿರವು. ಹಂದಿ ಕೊಂದದ್ದಲ್ಲ. ಹಂದಿಗೆ ಮೊದಲ ಬಾಣ ಹೊಡೆದವಳು ಅರ್ಕಾಡಿಯದ ಹುಡುಗಿ ಎಂದು ಮೆಲಿಯಾಗರ ಚರ್ಮ ಸುಲಿದು ಅವಳಿಗೆ ಕೊಟ್ಟನಂತೆ. ಹೆಂಗಸಿನ ಕೈಗೆ ಕೊಟ್ಟು ನಮ್ಮ ಮನೆತನದ ಮೂಗು ಕುಯ್ದೆ ಎಂದು ಮಾವಂದಿರು ಕಸಿದುಕೊಂಡರಂತೆ. ಮೆಲಿಯಾಗರನ ಕೈಯಲ್ಲಿ ಇನ್ನೂ ಬಿಸಿಯಾರದ ಈಟಿ ಇತ್ತು. ಆಮೇಲಿನದನ್ನು ಹೇಳದೆ ಬಂದವನು ಹೆಣಗಳ ಕಡೆ ಕೈ ತೋರಿಸಿದ.

ಆಲ್ತೇಯ ಹಿಂತಿರುಗಿ ಬಂದಳು. ಅಳುತ್ತಿರಲಿಲ್ಲ. ಮುಡಿದ ಹೂ ಹಾಗೇ ಇತ್ತು. ಒಲೆಯ ಮುಂದೆ ನಿಂತು, "ಆರಿಸು" ಅಂದಳು.

ಸಾವಿನ ಮನೆಯ ಬೆಂಕಿ ಮೈಲಿಗೆ. ಅದನ್ನು ಆರಿಸಿ, ಸೂತಕ ಕಳೆದ ಮೇಲೆ ಸಾವಿಲ್ಲದ ಬೇರೆ ಮನೆಯಿಂದ ಹೊಸ ಬೆಂಕಿ ತರಬೇಕು. ಆರಿಸುವವಳೂ ತರುವವಳೂ ಒಲೆಯ ಕೆಲಸದವಳೇ. ಮಿರ್ತಾಲೆ ಕೊಡದಲ್ಲಿ ನೀರು ತಂದು ಹುಯ್ದಳು. ಅಣ್ಣಂದಿರು ಗಾಳಿಗೆ ಕಂಬಳಿ ಹಿಡಿದು ಮುಟ್ಟಿಸಿದ್ದ ಬೆಂಕಿ ಸುಯ್ಯೆಂದು ಸತ್ತಿತು. ಆಲ್ತೇಯ ಅದು ಪೂರ್ತಿ ಕರಿದಾಗುವವರೆಗೆ ನೋಡುತ್ತಾ ನಿಂತಿದ್ದಳು.

ಮಿರ್ತಾಲೆಗೆ ಮಾತ್ರ, ಇಂಥ ಹೊತ್ತಿನಲ್ಲಿ ಹೀಗೆ ಅನ್ನಿಸಬಾರದು, ಆದರೂ ಎದೆಯಿಂದ ಕಲ್ಲು ಇಳಿದಂತಾಯಿತು. ಮನೆಯಲ್ಲಿ ಈಗ ಒಂದು ಕಿಡಿಯೂ ಇಲ್ಲ. ಒಡತಿಯ ಆ ಕಣ್ಣು ನೋಡಿದ್ದಳು ಅವಳು. ಇಂಥ ಕಣ್ಣಿರುವ ಮನೆಯಲ್ಲಿ ಬೆಂಕಿ ಇಲ್ಲದಿರುವುದೇ ಒಳ್ಳೆಯದು.

ಮಣ್ಣು ಮಾಡಿ ಬಂದ ಮೇಲೆ ಆಲ್ತೇಯ ಪೆಟ್ಟಿಗೆಯ ಮೇಲೆ ಹತ್ತಿ ಕೂತಳು. ಉಣ್ಣಲು ಕರೆದರೆ ಏಳಲಿಲ್ಲ. ಮುದುರಿದ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದಳು. ಓಯ್ನಿಯ ಹೊರಗಿನ ಜಗುಲಿಯಲ್ಲಿ ಕುಡಿಯುತ್ತಾ ಕೂತಿದ್ದ. ಹೆಂಡಕ್ಕೆ ಒಲೆ ಬೇಕಿಲ್ಲ. ಮನೆ ಒಳಗೆಲ್ಲ ಒದ್ದೆ ಬೂದಿಯ ವಾಸನೆ.

ಮೆಲಿಯಾಗರ ಹೊಸ್ತಿಲು ದಾಟುವ ಹಾಗಿರಲಿಲ್ಲ. ಒಡಹುಟ್ಟಿದವರ ರಕ್ತ, ಸಂಬಂಧಿಕರ ರಕ್ತ ಕೈಗೆ ಹತ್ತಿದವನು ಉರಿಯುವ ಒಲೆಯ ಮುಂದೆ ಕೂತು, ಹಂದಿಮರಿಯ ರಕ್ತದಲ್ಲಿ ಕೈ ತೊಳೆಸಿಕೊಂಡ ಮೇಲೆಯೇ ಮನುಷ್ಯರ ಜೊತೆ ಉಣ್ಣಬಹುದು. ಅಲ್ಲಿಯವರೆಗೆ ಅವನ ಜೊತೆ ಯಾರೂ ಮಾತಾಡುವಂತಿಲ್ಲ. ಅವನು ದ್ರಾಕ್ಷಿ ತೋಟದ ಚಪ್ಪರದ ಕೆಳಗೆ ಮಲಗುತ್ತಿದ್ದ. ಮಿರ್ತಾಲೆ ನೆನೆಸಿದ ಜವೆ, ಒಣ ಅಂಜೂರ ಒಯ್ದು ದೂರದಲ್ಲಿಟ್ಟು ಬರುತ್ತಿದ್ದಳು. ಒಂದು ದಿನ ಅವನು ತಡೆಯಲಾರದೆ ಕೂಗಿದ.

"ಅವ್ವ, ಅಮ್ಮ ಏನಂದ್ರು?"

ಅವಳು ಸುತ್ತ ನೋಡಿ ಹೇಳಿದಳು, "ಏನೂ ಅಂದಿಲ್ಲಪ್ಪ."

"ಬಯ್ದಿದ್ರೆ ಚೆನ್ನಾಗಿತ್ತು." ಅವನ ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು. "ಕೈ ನನ್ನ ಮಾತು ಕೇಳಲಿಲ್ಲ ಅವ್ವ. ಚಿಕ್ಕಮಾವ ಕೈ ಎತ್ತಿ ಬೇಡ ಅಂದ. ಅಷ್ಟರಲ್ಲಿ ಆಗೋಗಿತ್ತು."

ಅವಳು ತಂದ ಅಂಜೂರವನ್ನು ಅವನ ಕಡೆಗೆ ಒಂದಿಷ್ಟು ಸರಿಸಿದಳು.

"ಒಲೆ ಯಾವಾಗ ಹಚ್ತೀಯ? ನಾನು ಒಲೆ ಮುಂದೆ ಕೂತು ಅಮ್ಮನ ಕಾಲು ಹಿಡೀಬೇಕು. ಹೊಡೆದ್ರೂ ಸರಿ. ಬಿಸಿ ಗಂಜಿ ಕುಡಿದು ಎಷ್ಟು ದಿನ ಆಯ್ತು."

"ಹಚ್ತೀನಿ. ಬೆಂಕಿ ಸಿಗ್ಬೇಕಲ್ಲ."

ಬೆಂಕಿ ಸಿಗದಿರುವುದೂ ನಿಜವೇ. ಹಂದಿ ಎಷ್ಟೋ ಮನೆಯ ಗಂಡಸರನ್ನು ತಿವಿದು ಕೊಂದಿತ್ತು, ಊರಿನ ತುಂಬ ಸೂತಕ. ಸಾವು ಮುಟ್ಟದ ಮನೆಯೆಂದರೆ ಹೊಳೆಯ ಆಚೆ ಕುಂಬಾರರದು. ಫಿಲ್ಲ ಕೇಳಿದಾಗಲೆಲ್ಲ ಮಿರ್ತಾಲೆ, ಕುಂಬಾರರು ಮಡಕೆ ಸುಡುವ ಆವಿಗೆ ಹಚ್ಚಿಲ್ಲವಂತೆ ಅನ್ನುತ್ತಿದ್ದಳು; ಹೊಳೆಯಲ್ಲಿ ನೀರು ಜಾಸ್ತಿ ಅನ್ನುತ್ತಿದ್ದಳು; ಮೊಣಕಾಲು ನೋವು ಅನ್ನುತ್ತಿದ್ದಳು. ಸೂತಕದ ದಿನ ಮುಗಿದು ಹೋಗಿತ್ತು. ಮನೆಯವರು ಒಳಗೊಳಗೇ ಗೊಣಗಲು ಶುರು ಮಾಡಿದ್ದರು.

ಒಂದು ಮಧ್ಯಾಹ್ನ ಪೆಟ್ಟಿಗೆಯ ಮೇಲಿಂದ ಆಲ್ತೇಯ ಬಾಯಿ ಬಿಟ್ಟಳು.

"ಎಲ್ಲಿ ಮಲಗ್ತಾನೆ ಅವನು?"

"ದ್ರಾಕ್ಷಿ ಚಪ್ಪರದ ಕೆಳಗೆ, ಅಮ್ಮಾವ್ರೆ."

"ಏನು ತಿಂತಾನೆ?"

"ನೆನೆಸಿದ್ ಜವೆ."

"ಚಿಕ್ಕವನಿದ್ದಾಗ ತಣ್ಣಗಿನದು ತಿಂದ್ರೆ ಹೊಟ್ಟೆನೋವು ಬರ್ತಿತ್ತು."

"ಹೌದು ಅಮ್ಮಾವ್ರೆ. ಹೊಟ್ಟೆ ಮೇಲೆ ನೀವು ಬಿಸಿ ಬಟ್ಟೆ ಇಡ್ತಿದ್ರಿ."

ಆಲ್ತೇಯಳ ಮುಖ ಸಡಿಲವಾಯಿತು. ಬಹಳ ದಿನಕ್ಕೆ ಅವಳ ಕಣ್ಣಲ್ಲಿ ನೀರು ಬಂತು. "ಬೆಂಕಿ ತಾ ಮಿರ್ತಾಲೆ. ಎಷ್ಟು ದಿನ ಹೊರಗಿರ್ತಾನೆ. ಒಳಗೆ ಕರ್ಕೊಳ್ಳೋಣ."

ಆ ನೀರು ಸುಳ್ಳಲ್ಲ. ಮಿರ್ತಾಲೆ ಕೊನೆಯವರೆಗೂ ಅದನ್ನೇ ಹೇಳುತ್ತಿದ್ದಳು, ಆ ಗಳಿಗೆಯಲ್ಲಿ ಅಮ್ಮಾವ್ರು ಹೇಳಿದ್ದು ನಿಜವೇ ಇತ್ತು ಎಂದು.

ಒಣಗಿದ ಬೆಂಡಿನ ದಂಟೊಂದನ್ನು ತೆಗೆದುಕೊಂಡು ಅವಳು ಹೊರಟಳು. ದಂಟಿನ ಒಳಗಿನ ಬೆಂಡಿಗೆ ಕೆಂಡ ತಾಗಿಸಿ ಬಾಯಿ ಮುಚ್ಚಿದರೆ ಹೊರಗೆ ಕಾಣಿಸದೆ ಒಳಗೊಳಗೇ ಕನಲುತ್ತಿರುತ್ತದೆ. ಎಷ್ಟು ದೂರವಾದರೂ ಒಯ್ಯಬಹುದು.

ಕುಂಬಾರರ ಹೆಂಗಸು ತೆಯಾನೊ ಆವಿಗೆಯ ಮುಂದೆ ಕೂತು ಮಸಿ ಒರೆಸಿಕೊಳ್ಳುತ್ತಿದ್ದಳು. "ಏನಜ್ಜಿ, ದೊಡ್ಡಮನೆಯೋರು ನಮ್ಮನೆ ಬೆಂಕಿಗೆ ಬಂದ್ರಾ? ನನ್ ಗಂಡಂಗೆ ಹೇಳ್ಬೇಡ, ನಾಳೆಯಿಂದ ಮಡಕೆ ಮುಟ್ಟಲ್ಲ ಅಂತಾನೆ."

"ನಿಮ್ಮನೇಲಿ ಸಾವು ಏನೂ ಆಗಿಲ್ವಲ್ಲ?"

"ನಮ್ಮತ್ತೆ ದಿನಾ ಸಾಯ್ತೀನಿ ಅಂತಾಳೆ. ಮಾತಿಗೆ ನಿಲ್ಲೋ ಹೆಂಗ್ಸಲ್ಲ ಅವ್ಳು."

ಒಳಗಿಂದ ಅತ್ತೆಯ ಕೆಮ್ಮು ಕೇಳಿಸಿತು, ಹಿಂದೆಯೇ ಒಂದು ಬೈಗುಳ. ತೆಯಾನೊ ನಗುತ್ತಾ ಇಕ್ಕಳದಲ್ಲಿ ಕೆಂಡ ಎತ್ತಿದಳು. ಮಿರ್ತಾಲೆ ದಂಟನ್ನು ಹಿಂದಕ್ಕೆ ಎಳೆದುಕೊಂಡದ್ದನ್ನು ನೋಡಿ ನಗು ನಿಲ್ಲಿಸಿದಳು. "ಯಾಕಜ್ಜಿ, ಬೆಂಕಿ ಕೊಡ್ತಿದ್ದೀನಿ, ಹಾವಲ್ಲ."

ಹೊಳೆ ದಾಟುವಾಗ ನೀರು ತೊಡೆಯವರೆಗೆ ಬಂತು. ನಡುಹೊಳೆಯಲ್ಲಿ ಮಿರ್ತಾಲೆ ನಿಂತಳು. ಕೈ ಸ್ವಲ್ಪ ಇಳಿಸಿದರೆ ಸಾಕು. ಕಾಲು ಜಾರಿತು ಅಂದರೆ ನಂಬದವರು ಯಾರು, ಈ ವಯಸ್ಸಿಗೆ. ದಂಟು ಅಂಗೈಯಲ್ಲಿ ಬೆಚ್ಚಗಿತ್ತು. ಆದರೆ ನಾಳೆ ಮತ್ತೆ ಕಳಿಸುತ್ತಾರೆ, ಇಲ್ಲ ಫಿಲ್ಲಳನ್ನು ಕಳಿಸುತ್ತಾರೆ. ಅವನು ಎಷ್ಟು ದಿನ ನಾಯಿಯಂತೆ ಹೊರಗೆ ಬಿದ್ದಿರಬೇಕು. ಚಳಿಗಾಲ ಬಂದರೆ? ತಾಯಿಯ ಕಣ್ಣಲ್ಲಿ ನೀರು ಬಂದದ್ದನ್ನು ತಾನೇ ನೋಡಿದ್ದೇನಲ್ಲ. ಹೆತ್ತವಳ ಕಣ್ಣೀರನ್ನೂ ನಂಬದಿದ್ದರೆ ಇನ್ನು ಏನನ್ನು ನಂಬುವುದು. ದಂಟನ್ನು ತಲೆಯ ಮೇಲಕ್ಕೆತ್ತಿ ಹಿಡಿದು ದಡ ಸೇರಿದಳು.

ಮನೆಗೆ ಬಂದು ಮೊದಲು ನೋಡಿದ್ದು ಪೆಟ್ಟಿಗೆಯನ್ನು. ಗಂಟು ಹಾಗೇ ಇತ್ತು, ಅಣ್ಣ ಕಲಿಸಿದ ಗಂಟು. ಆಲ್ತೇಯ ಪೆಟ್ಟಿಗೆಯಿಂದ ಇಳಿದು ಒಲೆಯ ಬಳಿ ಕೂತಿದ್ದಳು, ತಲೆ ಬಾಚಿಕೊಂಡಿದ್ದಳು. ಮಿರ್ತಾಲೆ ಒದ್ದೆ ಬೂದಿ ಬಳಿದು ಹೊಸ ಚಕ್ಕೆ ಹರಡಿ ದಂಟು ಬಡಿದಳು. ಕೆಂಡ ಉದುರಿತು. ಊದಿದಳು. ಬೆಂಕಿ ಬಂತು. ಸೌದೆಯನ್ನು ಒಂದೊಂದಾಗಿ ಹೊರಳಿಸಿ ನೋಡಿ ಒಟ್ಟಿದಳು.

"ಎಲ್ಲ ನೋಡಿ ನೋಡಿ ಇಡ್ತಾ ಇದೀಯ" ಅಂದಳು ಆಲ್ತೇಯ.

"ಹುಳ ಇರ್ತಾವೆ ಅಮ್ಮಾವ್ರೆ."

"ಇರ್ತಾವೆ." ಉರಿಯ ಬೆಳಕು ಅವಳ ಅಂಗೈಯ ಸುಕ್ಕುಗಳ ಮೇಲೆ ಆಡುತ್ತಿತ್ತು. "ಇದು ಕುಂಬಾರರದಾ?"

"ಹೂಂ."

"ಚೆನ್ನಾಗಿ ಉರೀತಿದೆ. ನಮ್ಮ ತವರಿನದು ಹೊಗೆ ಜಾಸ್ತಿ." ಒಂದು ಚಕ್ಕೆಯನ್ನು ಉರಿಯೊಳಕ್ಕೆ ದೂಡಿ ಅಂದಳು, "ಹೋಗಿ ಅವನನ್ನ ಕರ್ಕೊಂಡು ಬಾ."

"ಫಿಲ್ಲನ್ನ ಕಳಿಸ್ತೀನಿ ಅಮ್ಮಾವ್ರೆ. ನಾನು ಇಲ್ಲೇ ನಿಮ್ ಹತ್ರ..."

"ಫಿಲ್ಲ ಹಂದಿಮರಿ ಹಿಡಿಯೋಕೆ ಹೋಗಿದಾಳೆ. ನೀನೇ ಹೋಗು. ನೀನು ಕರೆದ್ರೆ ಬರ್ತಾನೆ."

ಮಿರ್ತಾಲೆ ಬಾಗಿಲಲ್ಲಿ ತಿರುಗಿ ನೋಡಿದಳು. ಒಡತಿ ಒಲೆಯ ಬಳಿ ಕೂತಿದ್ದಳು. ಪೆಟ್ಟಿಗೆ ಮೂಲೆಯಲ್ಲಿತ್ತು. ಗಂಟು ಹಾಗೇ ಇತ್ತು. ಹೋದಳು.

"ಅಮ್ಮ ಕರೆದ್ರಾ?" ಮೆಲಿಯಾಗರ ಎದ್ದು ನಿಂತ.

"ಕರೆದ್ರು. ಬಾ."

"ಅಮ್ಮನೇ? ಅಪ್ಪ ಅಲ್ಲ ತಾನೆ?"

"ಅಮ್ಮನೇ ಕಣಪ್ಪ. ನೀನು ತಣ್ಣಗಿನ್ದು ತಿಂತೀಯ ಅಂತ ಅತ್ರು."

ಅವನು ಮುಖ ಆಚೆ ತಿರುಗಿಸಿಕೊಂಡ. ಆಮೇಲೆ ತೊಟ್ಟಿಯ ನೀರಲ್ಲಿ ಮುಖ ತೊಳೆದ, ಚಪ್ಪಲಿಯ ಬಾರು ಬಿಗಿದ. ಕೂದಲು ಕಟ್ಟು ಎಂದು ಚಿಕ್ಕವನಂತೆ ಅವಳ ಮುಂದೆ ಕೂತ. ಅವಳು ಬೇಗ ಬೇಗ ಕಟ್ಟಿದಳು. ಇಬ್ಬರೂ ಬಳ್ಳಿಸಾಲಿನ ನಡುವೆ ನಡೆದರು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮನೆಯ ಹೊಗೆಗಂಡಿಯಿಂದ ಬಿಳಿಯ ಹೊಗೆ ಏಳುವುದು ಕಾಣುತ್ತಿತ್ತು.

ಅಂಗಳದ ಹತ್ತಿರ ಅವನು ನಿಂತ.

"ಏನಪ್ಪ?"

"ಏನಿಲ್ಲ." ಎದೆಯ ಮೇಲೆ ಕೈಯಿಟ್ಟುಕೊಂಡ. "ಅವ್ವ, ಸೆಕೆ."

ಅವಳು ಹೊಗೆಯ ಕಡೆ ನೋಡಿದಳು. ಅದು ದಪ್ಪಗಾಗಿತ್ತು. ಹಳೆಯ ಆಲಿವ್ ಕಟ್ಟಿಗೆ ಉರಿಯುವ ವಾಸನೆ ಗಾಳಿಯಲ್ಲಿ ತೇಲಿ ಬಂತು. ಅವನು ಕುಸಿದ. ಬೀಳುತ್ತಾ ಅವಳ ಮಣಿಕಟ್ಟು ಹಿಡಿದುಕೊಂಡ. ಹಂದಿಯನ್ನು ಕೆಡವಿದ ಕೈ ಅದು.

"ಬಿಡು ಮಗಾ. ಬಿಡು, ನಾನು ಒಳಗೆ ಹೋಗ್ಬೇಕು."

"ಎಲ್ಲೂ ಹೋಗ್ಬೇಡ. ಇಲ್ಲೇ ಇರು."

"ಹೋಗಿ ಈಗ ಬಂದ್ಬಿಡ್ತೀನಿ. ಕೈ ಬಿಡಪ್ಪ, ನನ್ನಪ್ಪ, ನಿಂಗೋಸ್ಕರಾನೇ."

"ಒಳಗೆ ಸೆಕೆ ಅವ್ವ. ಹೋಗ್ಬೇಡ."

ಎಳೆದಳು, ಕಚ್ಚಿದಳು, ಬೆರಳು ಒಂದೊಂದಾಗಿ ಬಿಡಿಸಲು ನೋಡಿದಳು. ಅವಳ ಎದೆಹಾಲು ಕುಡಿದು ಬಂದ ಶಕ್ತಿ, ಅದರ ಮುಂದೆ ಅವಳ ಶಕ್ತಿ ಎಲ್ಲಿ ನಡೆಯಬೇಕು. ಮನೆಯ ಕಡೆ ಕೂಗಿದಳು, "ಅಮ್ಮಾವ್ರೆ, ತೆಗೀರಿ ಅದನ್ನ, ತೆಗೀರಿ" ಎಂದು. ಯಾರಿಗೂ ಅರ್ಥವಾಗುವ ಕೂಗಲ್ಲ ಅದು, ಒಬ್ಬಳಿಗೆ ಬಿಟ್ಟು. ಕೊನೆಗೆ ಅವನ ಹಿಡಿತ ತಾನಾಗಿ ಸಡಿಲವಾಯಿತು. ಆಗ ಅವಳಿಗೆ ಒಳಗೆ ಹೋಗುವ ಕೆಲಸ ಇರಲಿಲ್ಲ.

ಮಾರನೆಯ ದಿನ ಆಲ್ತೇಯಳನ್ನು ತೊಲೆಯಿಂದ ಇಳಿಸಿದರು. ಹಗ್ಗದ ಗಂಟು ಬಿಚ್ಚಲು ಯಾರಿಗೂ ಬರಲಿಲ್ಲ, ಕುಯ್ಯಬೇಕಾಯಿತು. ಮಿರ್ತಾಲೆ ಕೊಡ ತಂದು ಒಲೆಗೆ ನೀರು ಹುಯ್ದಳು. ಕೊರಡಿದ್ದ ಜಾಗದಲ್ಲಿ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಎಲ್ಲ ಕಟ್ಟಿಗೆಯ ಬೂದಿಯೂ ಒಂದೇ ಥರ.

ಸೂತಕ ಕಳೆದ ಮೇಲೆ ಒಡೆಯ ಬೆಂಕಿ ತರಲು ಹೇಳಿದ. ಅವಳು ಬೆಂಡಿನ ದಂಟು ಹಿಡಿದು ಹೊಳೆ ದಾಟಿದಳು. ತೆಯಾನೊ ಈ ಸಲ ನಗಲಿಲ್ಲ. ಇಕ್ಕಳ ತೆಗೆದುಕೊಂಡು ಆವಿಗೆಯಿಂದ ಕೆಂಡ ಎತ್ತಿ ಹಿಡಿದಳು. ಮಿರ್ತಾಲೆ ದಂಟು ಮುಂದೆ ಮಾಡಲಿಲ್ಲ. ಕೆಂಡ ಇಕ್ಕಳದಲ್ಲೇ ಕಪ್ಪಾಗುತ್ತಾ ಬಂತು.

"ತಗೋ ಅಜ್ಜಿ. ಆರ್ತಾ ಐತೆ."

"ಆರ್ಲಿ ಬಿಡು" ಅಂದಳು ಮಿರ್ತಾಲೆ, ಮತ್ತು ಆವಿಗೆಯಿಂದ ದೂರ, ಹಸಿ ಮಡಕೆಗಳ ಸಾಲಿನ ಪಕ್ಕದಲ್ಲಿ ಕೂತಳು. ದೊಡ್ಡ ಮನೆಗೆ ಆ ಬೆಂಕಿಯನ್ನು ಫಿಲ್ಲ ಬಂದು ಒಯ್ದಳು. ಮಿರ್ತಾಲೆಯನ್ನು ಕೇಳಿಕೊಂಡು ಅಲ್ಲಿಂದ ಯಾರೂ ಬರಲಿಲ್ಲ. ಅವಳು ಬಹಳ ವರ್ಷ ಅಲ್ಲೇ ಮಣ್ಣು ಕಲಸಿಕೊಂಡು, ತೆಯಾನೊಳ ಅತ್ತೆಯ ಬೈಗುಳ ಕೇಳಿಕೊಂಡು, ನೆನೆಸಿದ ಜವೆ ತಿಂದುಕೊಂಡು ಬದುಕಿದಳು. ಬಿಸಿ ಗಂಜಿ ಕೊಟ್ಟರೆ ತಣ್ಣಗಾಗುವವರೆಗೆ ಮುಟ್ಟುತ್ತಿರಲಿಲ್ಲ.